ಹೊಸ ಫೋನು, ಅಕ್ಕನ ನಂಬರು

ಹೊಸ ಫೋನು ನಮ್ಮ ಮನೆಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಪುಣೆಯ ಆ ತುದಿಗೆ ವಿಮಾನ ನಗರದಲ್ಲಿರುವ ಮಗಳು ಆಫೀಸಿಗೆ ರಜೆ ಹಾಕಿ, ಚಿಂಚವಾಡದ ನಮ್ಮ ಮನೆಯವರೆಗೆ ಬಂದು, ಡಬ್ಬಿ ತೆರೆದು ನನ್ನ ಕೈಗಿಟ್ಟಳು. ಹಳೆಯ ಫೋನಿನ ಗಾಜು ಒಡೆದು ಎರಡು ವರ್ಷವಾಗಿತ್ತು. ಬೆರಳಾಡಿಸಿದರೆ ಚುಚ್ಚುತ್ತಿತ್ತು, ಆದರೂ ನಾನು ಬಿಟ್ಟಿರಲಿಲ್ಲ. ಇನ್ನೂ ನಡೆಯುತ್ತದಲ್ಲ, ಯಾಕೆ ಹೊಸದು ಎಂದು ಮಗಳಿಗೆ ಅಂದೆ. ಅನ್ನುತ್ತಲೇ ಕೈ ಚಾಚಿದ್ದೆ ಎಂದು ಅವಳು ಈಗಲೂ ಆಡಿಕೊಳ್ಳುತ್ತಾಳೆ.

ಹಳೆಯದರಲ್ಲಿದ್ದ ಫೋಟೊ, ನಂಬರುಗಳನ್ನೆಲ್ಲ ಹೊಸದಕ್ಕೆ ಹಾಕಿ, ಸಿಮ್ ಬದಲಿಸಿ, ಊಟ ಮಾಡಿಕೊಂಡು ಮಗಳು ಹೊರಟಳು. ಅವಳು ಮೆಟ್ಟಿಲಿಳಿದದ್ದೇ ತಡ, ನಾನು ಫೋನನ್ನು ದೇವರ ಮುಂದಿಟ್ಟೆ. ನಮ್ಮಲ್ಲಿ ಯಾವ ಹೊಸ ವಸ್ತು ಬಂದರೂ ಹಾಗೇ. ಮಿಕ್ಸರು, ಕುಕ್ಕರು, ನಮ್ಮವರ ಸ್ಕೂಟರು, ಎಲ್ಲವೂ ಅರಿಶಿನ ಕುಂಕುಮ ಹಚ್ಚಿಸಿಕೊಂಡೇ ಕೆಲಸಕ್ಕಿಳಿದವು. ಆದರೆ ಫೋನಿಗೆ ಎಲ್ಲಿ ಹಚ್ಚುವುದು? ಮುಂದೆಲ್ಲ ಗಾಜು, ಹಿಂದೆ ಕ್ಯಾಮೆರಾ. ಕೊನೆಗೆ, ಇದರ ಪಾದವೆಂದರೆ ಕೆಳಗಿನ ಅಂಚೇ ಇರಬೇಕು ಎಂದು ತೀರ್ಮಾನಿಸಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಅಲ್ಲಿ ಧಾರಾಳವಾಗಿ ಒತ್ತಿದೆ. ಪಿಂಪ್ರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಜೊತೆ ಕಳೆದು ರಿಟೈರಾದ ನಮ್ಮವರು ಪೇಪರಿನ ಮೇಲಿನಿಂದ ನೋಡಿ, ಕಾಯಿಯನ್ನೂ ಅದರ ಮೇಲೆಯೇ ಒಡೆದುಬಿಡು ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಣಗಿದ ಮೇಲೆ ಸೆರಗಿನಿಂದ ಒರೆಸಿ, ಕೆಲಸಕ್ಕೆ ತೆಗೆದುಕೊಂಡೆ.

ಮೊದಲ ವಾರ ನಾನು ಮನೆಯಲ್ಲಿ ಇದ್ದೂ ಇಲ್ಲದಂತಿದ್ದೆ. ಪಂಚಾಂಗದ ಆ್ಯಪು ರಾಹುಕಾಲ ಶುರುವಾಗುವ ಐದು ನಿಮಿಷ ಮೊದಲು ಗಂಟೆ ಬಾರಿಸುತ್ತದೆ. ಅದರ ಕಾಟಕ್ಕೆ ನಮ್ಮವರು ಹಾಲು ತರಲು ಹೋಗುವುದು ಎರಡು ಸಲ ತಡವಾಯಿತು. ತರಕಾರಿಯ ಆ್ಯಪನ್ನು ಎರಡೇ ದಿನಕ್ಕೆ ತೆಗೆಸಿದೆ. ಮೆಂತ್ಯದ ಕಟ್ಟನ್ನು ಕೈಯಲ್ಲಿ ಹಿಡಿದು, ಮರಾಠಿಯಲ್ಲಿ ನಾಲ್ಕು ಮಾತು ವಾದ ಮಾಡದೆ ಕೊಂಡರೆ ಪಲ್ಯ ರುಚಿಸುವುದಿಲ್ಲ ನನಗೆ. ದಾರಿ ತೋರಿಸುವ ಆ್ಯಪಿನ ಹೆಂಗಸನ್ನು ಮಾತ್ರ ಮೆಚ್ಚಿಕೊಂಡೆ. ಮಗಳ ಮನೆಗೆ ಹೋಗುವಾಗ ರಿಕ್ಷಾದವನು ಅವಳು ಹೇಳಿದ್ದನ್ನು ಬಿಟ್ಟು ಬೇರೆ ಬೀದಿಗೆ ತಿರುಗಿದರೂ ಅವಳು ಸಿಟ್ಟಾಗುವುದಿಲ್ಲ, ಸ್ವಲ್ಪ ಸುಮ್ಮನಿದ್ದು ಇನ್ನೊಂದು ದಾರಿ ಹೇಳುತ್ತಾಳೆ. ನಮ್ಮ ಮನೆತನದ ಹೆಂಗಸರಲ್ಲಿ ಆ ಗುಣ ಇಲ್ಲ.

ಆದರೆ ನಾನು ನಿಜವಾಗಿ ಸೋತದ್ದು ರೇಡಿಯೊ ಆ್ಯಪಿಗೆ. ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ಧಾರವಾಡದ ರೇಡಿಯೊ ಹಿಡಿಯಲು ಏನೆಲ್ಲ ಮಾಡಿದ್ದೆ. ಏರಿಯಲ್‌ಗೆ ತಂತಿ ಸುತ್ತಿ, ಕಿಟಕಿಯ ಸರಳಿಗೆ ಕಟ್ಟಿ, ಕಿವಿ ಅಂಟಿಸಿ ಕೂತರೂ ಬರುತ್ತಿದ್ದುದು ಬರೀ ಗರಗರ ಸದ್ದು. ಈಗ ಬೆರಳೊತ್ತಿದರೆ ಸಾಕು, ನಮ್ಮೂರ ಕಡೆಯ ಧ್ವನಿ ಅಡುಗೆಮನೆಯಲ್ಲಿ ತುಂಬಿಕೊಳ್ಳುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ, ಗೋವಿನಜೋಳಕ್ಕೆ ಬಿದ್ದ ಹುಳ, ನಾಳೆ ಮಳೆ ಬರುವ ಸಂಭವ. ಅಲ್ಲಿ ಮಳೆ ಎಂದದ್ದನ್ನು ಕೇಳಿ ಇಲ್ಲಿ ಬಾಲ್ಕನಿಯ ಬಟ್ಟೆ ತೆಗೆದದ್ದೂ ಉಂಟು. ಹಿಟ್ಟು ನಾದುತ್ತ ಕೇಳುವಾಗ ಒಂದೇ ಯೋಚನೆ ಬರುತ್ತಿತ್ತು: ಈ ಹೊತ್ತಿಗೆ ಅಕ್ಕನೂ ಇದನ್ನೇ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುತ್ತಾಳೆ. ಮೂರು ವರ್ಷದಿಂದ ನಾವಿಬ್ಬರೂ ಕೂಡಿ ಮಾಡಿದ ಕೆಲಸವೆಂದರೆ ಅದೊಂದೇ, ಅದೂ ಅವಳಿಗೆ ಗೊತ್ತಿಲ್ಲದೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಹೋದಾಗ ನನಗೆ ನಾಲ್ಕು ವರ್ಷ. ಅಂದಿನಿಂದ ನನಗೆ ಜಡೆ ಹಾಕಿದವಳು, ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟವಳು, ಶಾಲೆಯಿಂದ ಬರುವುದು ತಡವಾದರೆ ತಿರುವಿನವರೆಗೆ ಬಂದು ನಿಲ್ಲುತ್ತಿದ್ದವಳು ಅವಳೇ. ಅವಳಿಗೆ ಮದುವೆಯಾಗಿ ಆರು ವರ್ಷಕ್ಕೆ ಗಂಡ ತೀರಿಕೊಂಡರು, ಮಕ್ಕಳಾಗಿರಲಿಲ್ಲ. ಧಾರವಾಡದಲ್ಲೇ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತ ಇದ್ದುಬಿಟ್ಟಳು. ನನ್ನ ಬಾಣಂತನ ಮಾಡಿದ್ದು ಅವಳು. ಪ್ರತಿ ಬೇಸಿಗೆ ರಜೆ ಮಗಳನ್ನು ಇಟ್ಟುಕೊಂಡು ಮಗ್ಗಿ ಬಾಯಿಪಾಠ ಮಾಡಿಸಿದ್ದು ಅವಳು. ಮಗಳಿಗೆ ನಾನು ಅವ್ವ, ಅವಳು ದೊಡ್ಡವ್ವ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಕೇಳಿದರೆ ಮಗಳು ನಗುತ್ತ ಮಾತು ತೇಲಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಇಲ್ಲೇ ಪುಣೆಯಲ್ಲಿ ಮಗಳ ಮದುವೆಯಾಯಿತು. ನಮ್ಮ ಕಡೆ ಮದುಮಗಳಿಗೆ ಉಡಿ ತುಂಬುತ್ತಾರೆ. ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಹಣ್ಣು, ಕುಪ್ಪಸದ ಖಣ ಹಾಕಿ ಹರಸುವುದು. ಅದನ್ನು ಮುತ್ತೈದೆಯರೇ ಮಾಡಬೇಕು ಎಂದು ಮಾಡಿಟ್ಟಿದ್ದಾರೆ. ಯಾರು ಮಾಡಿಟ್ಟರೋ. ಅವತ್ತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದವಳು ನಾನು. ಎದುರು ಮನೆಯವಳನ್ನು ಕರೆದೆ, ನಮ್ಮವರ ಜೊತೆ ಕೆಲಸ ಮಾಡುತ್ತಿದ್ದವರ ಹೆಂಡತಿಯನ್ನು ಕರೆದೆ, ಅಕ್ಕನನ್ನು ಕರೆಯಲಿಲ್ಲ. ಬೀಗಿತ್ತಿ ಏನೂ ಅಂದಿರಲಿಲ್ಲ, ಆಮೇಲೆಯೂ ಏನೂ ಅನ್ನಲಿಲ್ಲ. ಅನ್ನಬಹುದೆಂದು ನಾನೇ ಅಂಜಿದೆ. ಅಕ್ಕ ಮಧ್ಯಾಹ್ನದ ಊಟಕ್ಕೆ ಮೊದಲೇ ಬ್ಯಾಗು ತೆಗೆದುಕೊಂಡು ಸ್ಟೇಷನ್ನಿಗೆ ಹೋದಳೆಂದು ಯಾರೋ ಹೇಳಿದರು. ಆಮೇಲೆ ನಾನು ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡಲು ಮುಖವಿರಲಿಲ್ಲ. ಹಾಗೇ ಮೂರು ವರ್ಷ ಕಳೆಯಿತು.

ಹೊಸ ಫೋನಿನಲ್ಲಿ ಫೋಟೊಗಳ ಆ್ಯಪೊಂದು ತಾನಾಗಿಯೇ ಹಳೆಯದನ್ನು ಎತ್ತಿ ತೋರಿಸುತ್ತದೆ. ಹತ್ತು ಹನ್ನೊಂದು ದಿನವಾಗಿರಬೇಕು, ಬೆಳಿಗ್ಗೆ ಚಹಾ ಕುಡಿಯುತ್ತಿರುವಾಗ ಟಿಣ್ ಎಂದಿತು. ಮೂರು ವರ್ಷದ ಹಿಂದೆ ಇದೇ ದಿನ ಎಂದು ಬರೆದುಕೊಂಡು ಉಡಿ ತುಂಬುವ ಫೋಟೊ ಬಂತು. ಹಳೆಯ ಒಡಕು ಗಾಜಿನಲ್ಲಿ ನೂರು ಸಲ ನೋಡಿದ್ದೆ. ನಡುವೆ ಮಗಳು, ಸುತ್ತ ಹೆಂಗಸರು, ಅಷ್ಟೇ ಕಾಣುತ್ತಿತ್ತು. ಈ ದೊಡ್ಡ ಗಾಜಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿದಾಗ ಎಡಗಡೆಯ ಕಂಬದ ಪಕ್ಕ ಕುರ್ಚಿಯಲ್ಲಿ ಅಕ್ಕ ಕಂಡಳು. ಮಡಿಲಲ್ಲಿ ಬ್ಯಾಗು, ಬ್ಯಾಗಿನ ಬಾಯಿ ತೆರೆದಿತ್ತು. ಅದರ ಮೇಲೆ ಗುಳೇದಗುಡ್ಡದ ಖಣವೊಂದು ಮಡಿಕೆ ಬಿಚ್ಚದೆ ಇತ್ತು. ಕೆಂಪು ಅಂಚಿನದು. ಒಂದು ಕೈ ಅದರ ಮೇಲಿತ್ತು.

ಅವಳು ಉಡಿ ತುಂಬಲು ಸಿದ್ಧಳಾಗಿ ಬಂದಿದ್ದಳು. ನನಗೆ ಅದು ಗೊತ್ತೇ ಇರಲಿಲ್ಲ. ಚಹಾ ಆರಿಹೋಯಿತು. ಅವತ್ತು ನಾನು ಅತ್ತದ್ದನ್ನು ಮುಚ್ಚಿಡುವುದೇನಿದೆ, ಸಿಂಕಿನ ಮುಂದೆ ನಿಂತು ಚೆನ್ನಾಗಿ ಅತ್ತೆ.

ಮೂರು ಗಂಟೆಗೆ ಅವಳ ಊಟವಾಗಿ, ಪಾತ್ರೆಯಾಗಿ, ಕೂತಿರುತ್ತಾಳೆ. ಆ ಹೊತ್ತಿಗೆ ಫೋನು ಮಾಡಿದೆ. ಅವಳದು ಇನ್ನೂ ಬಟನ್ನಿನ ಫೋನು, ಮುಖ ನೋಡಿ ಮಾತಾಡುವ ಮಾತಿಲ್ಲ, ಮೆಸೇಜು ಅವಳು ಓದುವುದಿಲ್ಲ. ನಾಲ್ಕನೆಯ ರಿಂಗಿಗೆ ಎತ್ತಿದಳು. ಹಲೋ ಅಂದಳು. ಮೂರು ವರ್ಷದ ಮೇಲೆ ಆ ಹಲೋ. ನಾನು ಹೇಳಬೇಕೆಂದುಕೊಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

"ಅಕ್ಕಾ, ನಾ ತಪ್ಪು ಮಾಡಿದೆ. ನಿನ್ನ ಬಿಟ್ಟು ಮಂದಿಗೆ ಅಂಜಿದೆ. ಹೊಟ್ಟ್ಯಾಗ ಹಾಕ್ಕೋ."

ಅವಳು ಮತ್ತೆ ಎರಡು ಸಲ ಹಲೋ ಅಂದಳು. ಆಮೇಲೆ ದೊಡ್ಡ ಉಸಿರು ಬಿಟ್ಟು, ಇವತ್ತು ಹೀರೇಕಾಯಿ ಪಲ್ಯ ಮಾಡಿದ್ದೆ, ಕಹಿ ಬಂತು, ಚೆಲ್ಲಿದೆ ಎಂದು ಹೇಳಿದಳು. ಮೇಲಿನ ಮನೆಯವರ ನೀರಿನ ಟ್ಯಾಂಕು ಸೋರುತ್ತದೆ ಎಂದಳು. ಇಡುತ್ತೇನೆ ಎಂದು ಇಟ್ಟಳು. ನಾನು ಫೋನು ಹಿಡಿದು ಕೂತೇ ಇದ್ದೆ. ಬದುಕಿನಲ್ಲಿ ನನಗೆ ಅತಿ ಕಷ್ಟವಾದ ಮಾತನ್ನು ಹೇಳಿದ್ದೆ, ಅವಳು ಹೀರೇಕಾಯಿಯ ವಿಷಯ ಮಾತಾಡಿದ್ದಳು. ನಮ್ಮವರಿಗೆ ಹೇಳಿದೆ. ಅವರು, ಮಾತಾಡಿದಳಲ್ಲ, ಅಷ್ಟೇ ಸಾಕು, ನಾಳೆ ಮತ್ತೆ ಮಾಡು ಎಂದರು.

ಮರುದಿನ ಮಾಡಿದೆ. ಮೊಣಕಾಲು ನೋವು ಹೇಗಿದೆ ಎಂದು ಕೇಳಿದೆ. ಅಂಗಳದ ಪೇರಲ ಗಿಡಕ್ಕೆ ಗಿಳಿಗಳು ಬಂದದ್ದನ್ನು ಹೇಳಿದಳು. ಅದರ ಮರುದಿನ ಮಗಳ ವಿಷಯ ತೆಗೆದೆ. ಅವಳು ನನ್ನ ಮಾತಿನ ಮೇಲೇ ಮಾತು ಹಾಕಿ, ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಕಾಲಿಗೆ ಬಿದ್ದದ್ದನ್ನು ಹೇಳಿದಳು. ನಾನು ಕೇಳಿದ ಒಂದಕ್ಕೂ ಉತ್ತರವಿಲ್ಲ. ಶಿಕ್ಷೆ ಎಂದರೆ ಇದೇ ಎಂದುಕೊಂಡೆ: ಫೋನು ಎತ್ತುತ್ತೇನೆ, ಆದರೆ ನಿನ್ನ ಮಾತಿಗೆ ನನ್ನ ಮನೆಯಲ್ಲಿ ಬೆಲೆಯಿಲ್ಲ. ಮಾಸ್ತರಣಿಯಾಗಿದ್ದವಳು, ತರಗತಿಯಲ್ಲಿ ತಪ್ಪು ಮಾಡಿದ ಹುಡುಗಿಯನ್ನು ಹೀಗೇ ಕಡೆಗಣಿಸುತ್ತಿದ್ದಳಂತೆ. ಸಿಟ್ಟೂ ಬಂತು. ಆದರೆ ಮೂರು ಗಂಟೆ ಸಮೀಪಿಸಿದ ಹಾಗೆ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ ನಾನು ಏನೂ ಕೇಳುವುದನ್ನು ಬಿಟ್ಟೆ. ಫೋನನ್ನು ಕಿವಿಗೆ ಒತ್ತಿಕೊಂಡು, ಅವಳ ಧ್ವನಿ ಏರುವುದನ್ನು, ಇಳಿಯುವುದನ್ನು, ನಡುವೆ ಅಡಿಕೆ ಚೂರು ಕಡಿಯುವುದನ್ನು ಕೇಳುತ್ತ ಕೂತೆ. ಆ ಇಪ್ಪತ್ತು ನಿಮಿಷಕ್ಕಾಗಿ ಇಡೀ ದಿನ ಕಾಯುತ್ತಿದ್ದೆ.

ಆ ದಿನಗಳಲ್ಲೇ ಇಸ್ತ್ರಿಯವನು, ಗ್ಯಾಸಿನವನು ಫೋನು ಮಾಡಿದಾಗ ಹಲೋ ಹಲೋ ಎಂದು ಕೂಗಿ ಇಡುತ್ತಿದ್ದರು. ನಮ್ಮ ಕಟ್ಟಡದಲ್ಲಿ ನೆಟ್‌ವರ್ಕು ಸರಿಯಿಲ್ಲ ಎಂದು ನಾನು ಅದನ್ನೇ ಬಯ್ಯುತ್ತಿದ್ದೆ. ಮಗಳು ವಿಡಿಯೊದಲ್ಲೇ ಮಾತಾಡುವವಳು, ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಐದನೆಯ ದಿನ ಅಕ್ಕ ಫೋನು ಎತ್ತಿ ಹಲೋ ಅನ್ನಲಿಲ್ಲ. ನೇರವಾಗಿ ಮದುವೆಯ ಮಾತು ತೆಗೆದಳು. ಒಂದೊಂದೇ ಶಬ್ದ ಬಿಡಿಸಿ ಹೇಳಿದಳು.

"ಉಡಿ ತುಂಬಲಿಕ್ಕೆ ಕರೀಲಿಲ್ಲ ಅಂತ ನಾ ಎದ್ದು ಬಂದಿಲ್ಲ. ಕರಿಯೂದಿಲ್ಲ ಅಂತ ಮನಿಯಿಂದ ಹೊರಡೂಮುಂದನ ಗೊತ್ತಿತ್ತು. ಆದ್ರ ಮುಂಜಾನಿಯಿಂದ ನೀ ನನ್ನ ಕಡೆ ಒಂದ ಸಲಾನೂ ನೋಡ್ಲಿಲ್ಲ. ಈಗ ಫೋನ್ ಮಾಡ್ತಿ, ಮಾತಾಡೂದಿಲ್ಲ. ಐದು ದಿನಾತು, ನಾ ಒಬ್ಬಾಕೀನ ಗ್ವಾಡಿ ಜೋಡಿ ಮಾತಾಡ್ಲಿಕತ್ತೀನಿ. ಇನ್ನ ಸಾಕು. ನಾಳೆ ಮಾಡಬ್ಯಾಡ."

ನಾನು ಮಾತಾಡುತ್ತಿದ್ದೇನೆ, ಮೊದಲ ದಿನದಿಂದಲೂ ಮಾತಾಡುತ್ತಿದ್ದೇನೆ ಎಂದು ಚೀರಿದೆ. ಒಳಗಿನ ಕೋಣೆಯಿಂದ ನಮ್ಮವರು ಓಡಿ ಬಂದರು. ಅಷ್ಟರಲ್ಲಿ ಆ ಕಡೆ ಇಟ್ಟಾಗಿತ್ತು. ಮತ್ತೆ ಮಾಡಿದೆ, ಎತ್ತಲಿಲ್ಲ. ನಮ್ಮವರ ಫೋನಿನಿಂದ ಮಾಡಿದೆ, ಅದನ್ನೂ ಎತ್ತಲಿಲ್ಲ. ಆಗ ನಮ್ಮವರು ಏನೋ ಹೊಳೆದವರಂತೆ, ನನ್ನ ಫೋನಿಗೆ ತಮ್ಮ ಫೋನಿನಿಂದ ಹಚ್ಚಿ, ಹೊರಗೆ ಮೆಟ್ಟಿಲ ಹತ್ತಿರ ಹೋಗಿ ನಿಂತು, ಮಾತಾಡು ಎಂದರು. ಮಾತಾಡಿದೆ. ಒಳಗೆ ಬಂದು ತಲೆಯಾಡಿಸಿದರು. ಅವರಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಮಾಡುವ ವಯಸ್ಸಾದ ಗೃಹಸ್ಥರೊಬ್ಬರಿದ್ದಾರೆ, ಅವತ್ತೇ ಸಂಜೆ ಅವರ ಅಂಗಡಿಗೆ ಹೋದೆವು. ಅವರು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಫೋನಿನ ಕೆಳಗಿನ ಅಂಚನ್ನು ನೋಡಿ, ಮನೆಯಲ್ಲಿ ಪೂಜೆ ಮಾಡಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. ನಮ್ಮವರು ನನ್ನ ಕಡೆ ನೋಡಿದರು, ನಾನು ರಸ್ತೆಯ ಕಡೆ ನೋಡಿದೆ. ಅವರು ಬಿಳಿಯ ಕಾಗದ ಹಾಸಿ, ತೆಳ್ಳನೆಯ ಸೂಜಿಯಿಂದ ಮೆಲ್ಲನೆ ಕೆದಕಿದರು. ಗಟ್ಟಿಯಾದ ಕುಂಕುಮ ಪುಡಿಪುಡಿಯಾಗಿ ಕಾಗದದ ಮೇಲೆ ಉದುರಿತು. ನಾನು ಫೋನಿನ ಪಾದ ಎಂದುಕೊಂಡದ್ದು ಅದರ ಬಾಯಿಯಾಗಿತ್ತು. ವಿಡಿಯೊಗೆ ಮೇಲೆ ಇನ್ನೊಂದು ಮೈಕು ಇದೆ, ಅದಕ್ಕೇ ಮಗಳಿಗೆ ಕೇಳಿಸಿದ್ದು ಎಂದು ವಿವರಿಸಿದರು. ದಸರೆಯ ಮರುದಿನ ಇಂಥವು ಐದಾರು ಬರುತ್ತವೆ ಎಂದು ನನಗೆ ಸಮಾಧಾನವನ್ನೂ ಹೇಳಿದರು.

ಆ ಕಾಗದದ ಮೇಲಿನ ಚಿಟಿಕೆ ಕುಂಕುಮ ನೋಡುತ್ತ ನನಗೆ ನಗು ಬರಲಿಲ್ಲ. ಮೊದಲ ದಿನ ನಾನು ಹೇಳಿದ್ದು ಅಷ್ಟು ಸರಿಯಾಗಿ ಬಂದಿತ್ತು. ಮೂರು ವರ್ಷ ಒಳಗೇ ತಿರುವಿ ತಿರುವಿ, ಬೇಡದ್ದೆಲ್ಲ ಬಿಟ್ಟು, ಆ ಮೂರು ಮಾತು ಉಳಿದಿದ್ದವು. ಅವು ಅಲ್ಲೇ ಅಂಟಿಕೊಂಡು ಹೋದವು. ಈಗ ಇನ್ನೊಮ್ಮೆ ಹೇಳಬೇಕು, ಅದೂ ಫೋನು ಮಾಡಬೇಡ ಎಂದವಳಿಗೆ.

ಮರುದಿನ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿಬಿಡೋಣವೇ ಎಂದೂ ಅನ್ನಿಸಿತು. ಬಾಗಿಲು ತೆರೆಯದಿದ್ದರೆ ಎಂದು ಹೆದರಿಕೆಯಾಯಿತು. ಮೂರು ಗಂಟೆಗೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಮೂರನೆಯ ಸಲ ಎತ್ತಿದಳು.

ನಾನು ಅಕ್ಕಾ ಅಂದೆ. ಆ ಕಡೆ ಉಸಿರು ಒಮ್ಮೆಲೇ ನಿಂತದ್ದು ಕೇಳಿಸಿತು. ಎಲ್ಲಿ ಮತ್ತೆ ಇಟ್ಟುಬಿಡುತ್ತಾಳೋ ಎಂದು ಗಡಿಬಿಡಿಯಲ್ಲಿ ಹೊಸ ಫೋನಿನ ಕಥೆ, ಪೂಜೆಯ ಕಥೆ, ಸೂಜಿಯ ಕಥೆ ಎಲ್ಲ ಹೇಳಿದೆ. ಕುಂಕುಮದಿಂದ ಫೋನಿನ ಬಾಯಿ ಮುಚ್ಚಿತ್ತು, ನಾನು ದಿನವೂ ಮಾತಾಡಿದ್ದೆ ಎಂದೆ. ಆಮೇಲೆ ಅಕ್ಕ ಅಂದಳು:

"ಕುಂಕುಮ ನಿನಗೂ ಅಡ್ಡ ಬಂತು ಅನ್ನು."

ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕ ತಪ್ಪಿದವರಿಗೆ ತಪ್ಪಿದ್ದನ್ನು ತೋರಿಸುವ ಧ್ವನಿ ಅದು. ಮೊದಲ ದಿನ ಹೇಳಿದ್ದನ್ನು ಮತ್ತೆ ಹೇಳಲು ಹೋದೆ, ಬರಲಿಲ್ಲ. ಅಂಜಿದೆ ಅನ್ನುವುದು ಮೊದಲು ಬಂತು, ತಪ್ಪು ಅನ್ನುವುದು ಆಮೇಲೆ. ಫೋಟೊದಲ್ಲಿ ಅವಳನ್ನು ಕಂಡೆ ಎಂದು ಹೇಳಿದೆ. ಅವತ್ತು ಅವಳ ಕಡೆ ನೋಡಿದ್ದರೆ ನನಗೆ ಉಡಿ ತುಂಬಿಸುವುದಾಗುತ್ತಿರಲಿಲ್ಲ, ಅದಕ್ಕೇ ನೋಡಲಿಲ್ಲ ಎಂದೆ. ಅದು ನನಗೇ ಆಗ ಗೊತ್ತಾದದ್ದು. ಮುಂದಿನ ತಿಂಗಳು ಪುಣೆಗೆ ಬಾ, ಮಗಳ ಮನೆಗೆ ಕೂಡಿ ಹೋಗೋಣ ಎಂದು ಬೇಡಿಕೊಂಡೆ.

ಬರುವುದಿಲ್ಲ ಎಂದಳು. ಯಾವಾಗಲೂ ಬರುವುದಿಲ್ಲ ಎಂದಳೋ, ಮುಂದಿನ ತಿಂಗಳು ಬರುವುದಿಲ್ಲ ಎಂದಳೋ, ಕೇಳುವ ಧೈರ್ಯವಾಗಲಿಲ್ಲ. ಹೊಟ್ಟೆಯಲ್ಲಿ ಹಾಕಿಕೊಂಡಳೋ ಇಲ್ಲವೋ, ಅದನ್ನೂ ಹೇಳಲಿಲ್ಲ. ಇನ್ನು ಇಡುತ್ತಾಳೆ ಎಂದುಕೊಂಡೆ.

"ಮೂರು ವರ್ಷದಾಗ ನಿನ್ನ ಧ್ವನಿ ಭಾಳ ಬದಲಾಗ್ಯದ," ಅಂದಳು ಅಕ್ಕ. "ಅವ್ವ ಕಡೀಕಡೀಗೆ ಹಿಂಗ ಮಾತಾಡ್ತಿದ್ಳು. ಹಿಂಗ ಒಡದ ಧ್ವನಿ. ಇನ್ನೊಂದಿಷ್ಟು ಮಾತಾಡು."

ಅವ್ವನ ಧ್ವನಿ ನನಗೆ ನೆನಪಿಲ್ಲ. ಮುಖವಾದರೂ ಗೋಡೆಯ ಫೋಟೊದಲ್ಲಿದೆ, ಧ್ವನಿ ಎಲ್ಲಿಯೂ ಇಲ್ಲ. ಅದು ಹೇಗಿತ್ತು ಎಂದು ಚಿಕ್ಕವಳಿದ್ದಾಗ ಅಕ್ಕನನ್ನು ಎಷ್ಟು ಪೀಡಿಸಿದ್ದೆನೋ. ಅದನ್ನು ಹೇಳಿ ತೋರಿಸಲು ಬರುವುದಿಲ್ಲ ಎನ್ನುತ್ತಿದ್ದಳು. ಈಗ ಅವಳಿಗೆ ಅದು ನನ್ನಲ್ಲಿ ಕೇಳಿಸುತ್ತಿತ್ತು, ನನಗೆ ಮಾತ್ರ ಅದು ಬರೀ ನನ್ನ ಧ್ವನಿ.

ಬಾಲ್ಕನಿಯಿಂದ ಕಂಡದ್ದನ್ನು ಹೇಳುತ್ತ ಹೋದೆ. ಕೆಳಗೆ ಬಾಳೆಹಣ್ಣಿನ ಗಾಡಿ ಬಂದಿದೆ ಎಂದೆ. ಎದುರು ಮನೆಯವಳು ಹಪ್ಪಳ ಒಣಗಿಸಿದ್ದಾಳೆ, ಕಾಗೆಗೆ ಹೆದರಿ ಕೊಡೆ ಬಿಚ್ಚಿಟ್ಟಿದ್ದಾಳೆ ಎಂದೆ. ಲೋಕಲ್ ಟ್ರೇನು ಹೋಯಿತು, ಅದರ ಸದ್ದು ಕೇಳಿಸಿತೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಮತ್ತೆ ಮೈಕು ಕೆಟ್ಟಿತೇನೋ ಎಂದು ಗಾಬರಿಯಾಗಿ ಮಾತು ನಿಲ್ಲಿಸಿದೆ. ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಕೇಳಸ್ಲಿಕತ್ತದ," ಅಂದಳು. "ನೀ ನಿಲ್ಲಸಬ್ಯಾಡ."